ಕೂಸಿಗೆ ಬೇಡದ ಔಷಧಿ, ಅಣ್ಣನಿಗೆ ಸಿಗದ ಔಷಧಿ

ಪ್ರಶ್ನೆ: ನಮ್ಮದು ತುಮಕೂರು. ನನಗೆ ಇಬ್ಬರು ಮಕ್ಕಳು. ಮಗಳಿಗೆ ಎರಡೂವರೆ ತಿಂಗಳು, ಎದೆಹಾಲು ಮಾತ್ರ ಕುಡಿಯುತ್ತಾಳೆ. ಹುಟ್ಟಿದಾಗ 2.9 ಕಿಲೋ ಇದ್ದಳು, ಮೊನ್ನೆ ಲಸಿಕೆಗೆ ಹೋದಾಗ 5 ಕಿಲೋ. ಪ್ರತಿ ಸಲ ಹಾಲು ಕುಡಿದ ಮೇಲೆ ಒಂದಿಷ್ಟು ಕಕ್ಕುತ್ತಾಳೆ. ಸಂಜೆ ಆರರಿಂದ ಒಂಬತ್ತರವರೆಗೆ ಕಾಲು ಮಡಚಿಕೊಂಡು ಅಳುತ್ತಾಳೆ. ಆರು ದಿನದಿಂದ ಮಲವಿಸರ್ಜನೆ ಆಗಿಲ್ಲ, ಮುಖ ಕೆಂಪಗೆ ಮಾಡಿಕೊಂಡು ತಿಣುಕುತ್ತಾಳೆ. ಅತ್ತೆಯವರು ಗ್ರೈಪ್ ವಾಟರ್, ತೇಯ್ದ ಬಜೆ ಕೊಡುತ್ತಾರೆ, ವಾರಕ್ಕೊಮ್ಮೆ ಹರಳೆಣ್ಣೆ ಕುಡಿಸುತ್ತಾರೆ. ಮಗನಿಗೆ ಮೂರೂವರೆ ವರ್ಷ. ಮೊದಲು ನಾಲ್ಕೈದು ದಿನಕ್ಕೊಮ್ಮೆ ಅಳುತ್ತಾ ದಪ್ಪಗೆ ಹೋಗುತ್ತಿದ್ದ. ಒಂದು ತಿಂಗಳಿಂದ ದಿನವೂ ಚಡ್ಡಿಗೆ ಸ್ವಲ್ಪ ಸ್ವಲ್ಪ ನೀರಾಗಿ ಹೋಗುತ್ತಿದೆ. ಪರದೆಯ ಹಿಂದೆ ಹೋಗಿ ನಿಂತುಕೊಳ್ಳುತ್ತಾನೆ. ಊಟ ಬೇಡ, ಬಾಟಲಿಯಲ್ಲಿ ದಿನಕ್ಕೆ ನಾಲ್ಕು ಸಲ ಹಾಲು ಬೇಕು. ಭೇದಿ ಎಂದು ಹಣ್ಣು ನಿಲ್ಲಿಸಿದ್ದೇವೆ, ಓಆರ್‌ಎಸ್ ಎಂದು ಅಂಗಡಿಯವರು ಕೊಟ್ಟ ಹಣ್ಣಿನ ರುಚಿಯ ಪಾನೀಯ ಕುಡಿಸುತ್ತಿದ್ದೇವೆ. ಭೇದಿ ನಿಲ್ಲುವ ಮಾತ್ರೆ ಕೊಡಬಹುದೇ? ನಾನು ಸೊಪ್ಪು, ಹಣ್ಣು, ಬೇಳೆ ತಿಂದರೆ ಮಗುವಿಗೆ ವಾಯು ಆಗುತ್ತದೆ ಎನ್ನುತ್ತಾರೆ, ನಿಜವೇ?

ಉತ್ತರ: ನಿಮ್ಮ ಮನೆಯಲ್ಲಿ ಔಷಧಿ ತಪ್ಪು ಮಗುವಿನ ಬಾಯಿಗೆ ಹೋಗುತ್ತಿದೆ. ಕೂಸಿಗೆ ಮೂರು ಬಗೆಯದು ನಡೆಯುತ್ತಿದೆ, ಅವಳಿಗೆ ಒಂದೂ ಬೇಡ. ಅವಳ ಅಣ್ಣನಿಗೆ ನಿಜವಾಗಿ ಔಷಧಿ ಬೇಕು, ಅವನಿಗೆ ಇನ್ನೂ ಸಿಕ್ಕಿಲ್ಲ. ಸಿಗುವುದಿರಲಿ, ಅವನ ತೊಂದರೆಯನ್ನು ಇಮ್ಮಡಿಗೊಳಿಸುವ ಮಾತ್ರೆಯ ಯೋಚನೆ ನಡೆದಿದೆ. ಆ ಮಾತ್ರೆಯನ್ನು ದಯವಿಟ್ಟು ಕೊಡಬೇಡಿ. ಕಾರಣವನ್ನು ಮುಂದೆ ಹೇಳುತ್ತೇನೆ.

ಮೊದಲು ಚಿಕ್ಕವಳ ವಿಷಯ. ನೀವು ಬರೆದ ಎಲ್ಲ ತೊಂದರೆಗಳಿಗಿಂತ ನನಗೆ ಮುಖ್ಯವಾಗಿ ಕಂಡದ್ದು ನಡುವೆ ಹೇಳಿ ಮುಂದೆ ಹೋದ ಆ ತೂಕ. ಹತ್ತು ವಾರಗಳಲ್ಲಿ 2.1 ಕಿಲೋ ಏರಿದ್ದಾಳೆ, ಅಂದರೆ ದಿನಕ್ಕೆ ಸರಾಸರಿ 30 ಗ್ರಾಂ. ಮೊದಲ ಮೂರು ತಿಂಗಳಲ್ಲಿ ದಿನಕ್ಕೆ 20ರಿಂದ 30 ಗ್ರಾಂ ಏರಿದರೆ ನಾವು ತೃಪ್ತರು. ಜೀರ್ಣಾಂಗ ಕೆಟ್ಟ ಮಗು ಹೀಗೆ ಬೆಳೆಯುವುದಿಲ್ಲ. ಇದರ ಜೊತೆಗೆ ಅವಳು ದಿನಕ್ಕೆ ಆರು ಸಲಕ್ಕಿಂತ ಹೆಚ್ಚು ಮೂತ್ರ ಮಾಡುತ್ತಿದ್ದರೆ, ಅಳದೆ ಇರುವ ಹೊತ್ತಿನಲ್ಲಿ ನಿಮ್ಮ ಮುಖ ನೋಡಿ ನಗುತ್ತಿದ್ದರೆ, ಮುಂದಿನ ನಾಲ್ಕು ಮಾತುಗಳನ್ನು ನಿಶ್ಚಿಂತೆಯಿಂದ ಓದಬಹುದು.

ಹಾಲು ಕಕ್ಕುವುದು. ಅನ್ನನಾಳ ಮತ್ತು ಜಠರ ಸೇರುವಲ್ಲಿ ಒಂದು ಸ್ನಾಯುವಿನ ಬಿಗಿ ಇರುತ್ತದೆ. ಹಾಲು ಒಳಗೆ ಇಳಿದ ಮೇಲೆ ಅದು ಮುಚ್ಚಿಕೊಳ್ಳಬೇಕು. ಶಿಶುಗಳಲ್ಲಿ ಈ ಸ್ನಾಯು ಬೇಡದ ಹೊತ್ತಿನಲ್ಲೂ ಆಗಾಗ ಸಡಿಲವಾಗುತ್ತದೆ. ಆಹಾರವೆಲ್ಲ ದ್ರವ, ಮಗು ಸದಾ ಮಲಗಿಯೇ ಇರುತ್ತದೆ, ಜಠರವೂ ಪುಟ್ಟದು. ಹೀಗಾಗಿ ಹಾಲು ಮೇಲೆ ಬರುತ್ತದೆ. ನಾಲ್ಕನೆಯ ತಿಂಗಳ ಸುಮಾರಿಗೆ ಇದು ಅತಿ ಹೆಚ್ಚಾಗಿ, ಮಗು ಕೂರಲು, ಗಟ್ಟಿ ಆಹಾರ ತಿನ್ನಲು ಕಲಿತಂತೆ ಕಡಿಮೆಯಾಗಿ, ಬಹುತೇಕ ಮಕ್ಕಳಲ್ಲಿ ವರ್ಷ ತುಂಬುವ ಹೊತ್ತಿಗೆ ನಿಂತುಹೋಗುತ್ತದೆ. ಮೊಸರಿನಂತೆ ಒಡೆದು ಬಂದರೂ ಗಾಬರಿ ಬೇಡ, ಜಠರಕ್ಕೆ ಹೋದ ಹಾಲು ಒಡೆಯಲೇಬೇಕು. ಕುಡಿಸಿದ ಮೇಲೆ ಹೆಗಲಿಗೆ ಹಾಕಿಕೊಂಡು ತೇಗಿಸಿ, ಇಪ್ಪತ್ತು ಮೂವತ್ತು ನಿಮಿಷ ನೆಟ್ಟಗೆ ಎತ್ತಿಕೊಳ್ಳಿ. ಕುಡಿದ ಕೂಡಲೇ ಹೊಟ್ಟೆ ಅದುಮುವಂತೆ ಕಾಲು ಮಡಚಿ ಡಯಾಪರ್ ಬದಲಿಸಬೇಡಿ. ಮಲಗಿಸುವಾಗ ಬೆನ್ನ ಮೇಲೆಯೇ ಮಲಗಿಸಿ. ಕಕ್ಕುತ್ತಾಳೆ ಎಂದು ಬೋರಲು ಮಲಗಿಸುವುದೂ ತಲೆಗೆ ದಿಂಬು ಕೊಡುವುದೂ ಅಪಾಯ. ಆಮ್ಲ ಕಡಿಮೆ ಮಾಡುವ ಸಿರಪ್‌ಗಳನ್ನು ಇಂಥ ಮಕ್ಕಳಿಗೆ ಧಾರಾಳವಾಗಿ ಬರೆದುಕೊಡುವ ರೂಢಿ ನಮ್ಮಲ್ಲಿ ಬೆಳೆದಿದೆ. ಆರೋಗ್ಯವಾಗಿ ಬೆಳೆಯುತ್ತಿರುವ ಮಗು ಕಕ್ಕುವುದನ್ನು ಅವು ನಿಲ್ಲಿಸುವುದಿಲ್ಲ.

ಆರು ದಿನ ಮಲವಿಸರ್ಜನೆ ಇಲ್ಲದಿರುವುದು. ಮೊದಲ ತಿಂಗಳು ಪ್ರತಿ ಸಲ ಹಾಲು ಕುಡಿದಾಗಲೂ ಹೋಗುವ ಮಗು ಆರು ವಾರ ದಾಟಿದ ಮೇಲೆ ಇದ್ದಕ್ಕಿದ್ದಂತೆ ದಿನಗಟ್ಟಲೆ ಹೋಗದೆ ಇರುವುದು ಎದೆಹಾಲು ಕುಡಿಯುವ ಮಕ್ಕಳಲ್ಲಿ ಸಾಮಾನ್ಯ. ಹಾಲಿನಲ್ಲಿ ಹೊರಗೆ ಹಾಕಬೇಕಾದ ಶೇಷವೇ ಕಡಿಮೆ. ಏಳೆಂಟು ದಿನಕ್ಕೊಮ್ಮೆ ಹೋದರೂ, ಹೋದಾಗ ಮೆತ್ತಗಿದ್ದರೆ ಅದು ಮಲಬದ್ಧತೆ ಅಲ್ಲ. ಮಲಬದ್ಧತೆ ಎನ್ನಬೇಕಾದರೆ ಮಲ ಗಟ್ಟಿಯಾಗಿ ಉಂಡೆಯುಂಡೆಯಾಗಿರಬೇಕು, ದಿನ ಎಷ್ಟಾಯಿತು ಎಂಬ ಲೆಕ್ಕ ಸಾಲದು. ಇನ್ನು ಆ ತಿಣುಕಾಟ. ಹತ್ತು ಹದಿನೈದು ನಿಮಿಷ ಮುಖ ಕೆಂಪು ಮಾಡಿ, ಅತ್ತು, ಕೊನೆಗೆ ಹೋಗುವುದು ನೋಡಿದರೆ ಸಾಸಿವೆ ಬಣ್ಣದ ಮೆತ್ತನೆಯ ಮಲ! ಹೊಟ್ಟೆಯನ್ನು ಬಿಗಿ ಹಿಡಿದು ಅದೇ ಹೊತ್ತಿಗೆ ಗುದದ್ವಾರದ ಸ್ನಾಯುಗಳನ್ನು ಸಡಿಲ ಬಿಡಬೇಕು ಎನ್ನುವುದನ್ನು ಮಗು ಇನ್ನೂ ಕಲಿಯುತ್ತಿದೆ, ಅಷ್ಟೇ. ಕೆಲವು ವಾರಗಳಲ್ಲಿ ತಾನೇ ಕಲಿಯುತ್ತದೆ. ಇಲ್ಲಿಯೇ ನಮ್ಮ ಹಿರಿಯರು ವೀಳ್ಯದೆಲೆಯ ತೊಟ್ಟಿಗೆ ಎಣ್ಣೆ ಸವರಿಯೋ ಸೋಪನ್ನು ಚೂಪಾಗಿ ಕೆತ್ತಿಯೋ ಒಳಗೆ ಇಡುವುದು. ತಕ್ಷಣ ಫಲ ಸಿಗುತ್ತದೆ, ಅದಕ್ಕೇ ಈ ಪದ್ಧತಿ ಉಳಿದುಕೊಂಡಿದೆ. ಆದರೆ ಆ ಎಳೆಯ ಚರ್ಮ ಹರಿಯುತ್ತದೆ, ಸೋಪು ಉರಿಸುತ್ತದೆ, ಮಗು ಕಲಿಯಬೇಕಾದ ಪಾಠವೂ ಮುಂದಕ್ಕೆ ಹೋಗುತ್ತದೆ. ನಿಮ್ಮ ಮಗಳು ಕುಡಿಯುತ್ತಿದ್ದು, ಹೊಟ್ಟೆ ಮೆತ್ತಗಿದ್ದು, ವಾಂತಿ ಹಸಿರಾಗಿಲ್ಲದಿದ್ದರೆ ಇನ್ನೂ ಎರಡು ಮೂರು ದಿನ ಕಾಯಿರಿ.

ಸಂಜೆಯ ಅಳು. ಇದಕ್ಕೆ ವೈದ್ಯರು ಕೋಲಿಕ್ ಎಂಬ ಹೆಸರಿಟ್ಟಿದ್ದಾರೆ. ಹೆಸರಿಟ್ಟರೂ ಒಂದೇ ಖಚಿತ ಕಾರಣ ಸಿಕ್ಕಿಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು. ಅಮೆರಿಕದ ಮಕ್ಕಳ ವೈದ್ಯ ಮೋರಿಸ್ ವೆಸೆಲ್ 1954ರಲ್ಲಿ ಇದಕ್ಕೆ ಮೂರರ ಲೆಕ್ಕ ಕೊಟ್ಟರು: ದಿನಕ್ಕೆ ಮೂರು ಗಂಟೆಗಿಂತ ಹೆಚ್ಚು, ವಾರದಲ್ಲಿ ಮೂರು ದಿನಕ್ಕಿಂತ ಹೆಚ್ಚು, ಮೂರು ವಾರಕ್ಕಿಂತ ಹೆಚ್ಚು ಕಾಲ ಅಳುವ, ಬೇರೆ ಎಲ್ಲ ರೀತಿಯಲ್ಲೂ ಆರೋಗ್ಯವಾಗಿರುವ ಶಿಶು. ಎರಡು ಮೂರು ವಾರದ ವಯಸ್ಸಿನಲ್ಲಿ ಶುರುವಾಗಿ, ಆರನೆಯ ವಾರದ ಸುಮಾರಿಗೆ ಶಿಖರ ಮುಟ್ಟಿ, ಮೂರು ನಾಲ್ಕು ತಿಂಗಳಿಗೆ ಇಳಿದುಹೋಗುತ್ತದೆ. ನೀವು ಈಗ ಇಳಿಜಾರಿನಲ್ಲಿದ್ದೀರಿ. ಕಾಲು ಮಡಚುವುದನ್ನು ನೋಡಿ ಎಲ್ಲರೂ ಹೊಟ್ಟೆನೋವು, ವಾಯು ಎನ್ನುತ್ತಾರೆ. ಯಾವ ಕಾರಣಕ್ಕೆ ಅತ್ತರೂ ಶಿಶುಗಳು ಕಾಲು ಮಡಚುತ್ತವೆ. ಅಳುವಾಗ ಗಾಳಿ ನುಂಗುತ್ತವೆ, ಆಮೇಲೆ ಹೂಸು ಬಿಡುತ್ತವೆ. ಹಾಗಾಗಿ ವಾಯುವೇ ಅಳುವಿಗೆ ಕಾರಣ ಎಂದು ಹೇಳಲಾಗದು, ಅಳುವೇ ವಾಯುವಿಗೆ ಕಾರಣವಿರಬಹುದು.

ಸಂಜೆಯಾದ ಕೂಡಲೇ ದೀಪದ ಬೆಳಕು ಕಡಿಮೆ ಮಾಡಿ, ಟಿ.ವಿ. ಆರಿಸಿ, ಮೆತ್ತನೆಯ ಪಂಚೆಯಲ್ಲಿ ಸುತ್ತಿ ಎದೆಗೆ ಆನಿಸಿಕೊಂಡು ನಡೆದಾಡಿ. ಅಪ್ಪ, ಅಜ್ಜಿ, ಚಿಕ್ಕಮ್ಮ ಎಲ್ಲರೂ ಸರದಿಯಲ್ಲಿ ಎತ್ತಿಕೊಳ್ಳಲಿ. ದೃಷ್ಟಿ ತೆಗೆಯುತ್ತೇವೆ ಎಂದರೆ ತೆಗೆಯಲಿ, ಮೆಣಸಿನಕಾಯಿಯ ಹೊಗೆ ಮಗುವಿನ ಮೂಗಿಗೆ ಹೋಗದಂತೆ ನೋಡಿಕೊಂಡರೆ ಸಾಕು. ಆದರೆ ಎಷ್ಟೇ ಸಿಟ್ಟು, ಸುಸ್ತು ಬಂದರೂ ಮಗುವನ್ನು ಹಿಡಿದು ಅಲ್ಲಾಡಿಸಬಾರದು, ಮೆದುಳಿನಲ್ಲಿ ರಕ್ತಸ್ರಾವವಾಗುತ್ತದೆ. ನಿಮಗೆ ತಡೆಯಲಾಗದು ಅನ್ನಿಸಿದಾಗ ತೊಟ್ಟಿಲಲ್ಲಿ ಮಲಗಿಸಿ ಐದು ನಿಮಿಷ ಹೊರಗೆ ಹೋಗಿ ನಿಲ್ಲಿ. ಅಳುವುದರಿಂದ ಮಗುವಿಗೆ ಏನೂ ಆಗುವುದಿಲ್ಲ. ಹೊಟ್ಟೆಗೆ ಬರೆ ಹಾಕಿದರೆ ಅಳು ನಿಲ್ಲುತ್ತದೆ ಎನ್ನುವವರು ಇಂದಿಗೂ ಇದ್ದಾರೆ. ನಿಮ್ಮ ಮನೆಯಲ್ಲಿ ಆ ಮಾತು ಎತ್ತಲು ಯಾರಿಗೂ ಬಿಡಬೇಡಿ.

ಇನ್ನು ಅತ್ತೆಯವರ ಔಷಧಿಗಳು. ಗ್ರೈಪ್ ವಾಟರ್ ನಮ್ಮ ಅಜ್ಜಿಯರದ್ದಲ್ಲ, ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ವಿಲಿಯಂ ವುಡ್‌ವರ್ಡ್ ಎಂಬ ಔಷಧಿ ವ್ಯಾಪಾರಿ 1851ರಲ್ಲಿ ತಯಾರಿಸಿದ್ದು. ಆಗಿನ ಮಿಶ್ರಣದಲ್ಲಿ ಸೋಡಾ ಮತ್ತು ಸಬ್ಬಸಿಗೆಯ ಎಣ್ಣೆಯ ಜೊತೆಗೆ ಸಕ್ಕರೆಯೂ ಮದ್ಯಸಾರವೂ ಇದ್ದವು. ಮಗು ಏಕೆ ಸುಮ್ಮನಾಗುತ್ತಿತ್ತು ಎಂಬುದಕ್ಕೆ ಬೇರೆ ವಿವರಣೆ ಬೇಕೇ? ಈಗಿನ ಬಾಟಲಿಗಳಲ್ಲಿ ಮದ್ಯಸಾರ ಇಲ್ಲ. ಸಿಹಿ ನಾಲಿಗೆಗೆ ತಾಗಿದ ಸ್ವಲ್ಪ ಹೊತ್ತು ಶಿಶು ಸುಮ್ಮನಾಗುತ್ತದೆ, ಅದರಾಚೆಗೆ ಅದರಿಂದ ಉಪಯೋಗವಿದೆ ಎಂಬುದಕ್ಕೆ ಆಧಾರವಿಲ್ಲ. ವಾಯು ಒಡೆಯುವ ಸಿಮೆಥಿಕೋನ್ ಹನಿಗಳದ್ದೂ ಇದೇ ಕಥೆ: ಪರೀಕ್ಷೆಗೆ ಒಡ್ಡಿದಾಗ ಬರಿಯ ಸಿಹಿನೀರಿಗಿಂತ ಹೆಚ್ಚಿನ ಗುಣ ಕಾಣಲಿಲ್ಲ. ಬಜೆಯಲ್ಲಿ ಬೀಟಾ ಅಸರೋನ್ ಎಂಬ ವಿಷಕಾರಿ ಅಂಶವಿದೆ, ತೇಯುವ ಕಲ್ಲು ಮತ್ತು ನೀರಿನ ಶುಚಿಯ ಪ್ರಶ್ನೆ ಬೇರೆ. ಮೂರರಲ್ಲಿ ನನಗೆ ಹೆಚ್ಚು ಭಯ ಇರುವುದು ಹರಳೆಣ್ಣೆಯ ಮೇಲೆ. ಅದು ಪ್ರಬಲವಾಗಿ ಭೇದಿ ಮಾಡಿಸುವ ಔಷಧಿ. ಐದು ಕಿಲೋದ ದೇಹದಿಂದ ಒಂದೇ ಬೆಳಿಗ್ಗೆ ಸಾಕಷ್ಟು ನೀರು, ಲವಣ ಹೊರಗೆ ಹೋಗಬಹುದು. ಮೂಗು ಹಿಡಿದು, ಅಳುವಾಗ ಗಂಟಲಿಗೆ ಸುರಿದ ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಬರುವ ನ್ಯುಮೋನಿಯಾ ಬೇಗ ವಾಸಿಯಾಗುವಂಥದ್ದಲ್ಲ. ಎಣ್ಣೆಯನ್ನು ಮೈಗೆ ಹಚ್ಚಲಿ, ಹೊಟ್ಟೆಯ ಮೇಲೆ ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ ಮೆಲ್ಲಗೆ ನೀವಲಿ, ಅದನ್ನು ಅತ್ತೆಯವರಿಗಿಂತ ಚೆನ್ನಾಗಿ ಮಾಡುವವರು ಯಾರೂ ಇಲ್ಲ. ಬಾಯಿಗೆ ಮಾತ್ರ ಆರು ತಿಂಗಳವರೆಗೆ ಎದೆಹಾಲು ಮತ್ತು ವೈದ್ಯರು ಹೇಳಿದ ವಿಟಮಿನ್ ಡಿ ಹನಿ, ಬೇರೇನೂ ಬೇಡ. ನೀರೂ ಬೇಡ, ಬೇಸಿಗೆಯಲ್ಲೂ ಬೇಡ. ಜೇನುತುಪ್ಪವಂತೂ ವರ್ಷ ತುಂಬುವವರೆಗೆ ನಾಲಿಗೆಗೆ ಸವರಲೂ ಕೂಡದು. ಅದರಲ್ಲಿರಬಹುದಾದ ಒಂದು ಬ್ಯಾಕ್ಟೀರಿಯಾದ ಬೀಜಕಣಗಳು ಶಿಶುವಿನ ಕರುಳಿನಲ್ಲಿ ಮೊಳೆತು ನರಗಳನ್ನು ಸ್ತಬ್ಧಗೊಳಿಸುವ ವಿಷ ಉಂಟುಮಾಡಬಲ್ಲವು.

ಇಷ್ಟು ಧೈರ್ಯ ಹೇಳಿದ ಮೇಲೆ, ಯಾವಾಗ ಕಾಯಬಾರದು ಎಂಬುದನ್ನೂ ಅಷ್ಟೇ ಗಟ್ಟಿಯಾಗಿ ಹೇಳಬೇಕು. ವಾಂತಿ ಸೊಪ್ಪಿನ ರಸದಂತೆ ಹಸಿರಾಗಿದ್ದರೆ ರಾತ್ರಿ ಎರಡು ಗಂಟೆಯಾದರೂ ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಗೆ ಹೊರಡಿ. ಅದು ಪಿತ್ತ, ಕರುಳು ತಿರುಚಿಕೊಂಡಿರಬಹುದು, ಇಲ್ಲಿ ಗಂಟೆಗಳ ಲೆಕ್ಕ. ಹುಟ್ಟಿದ ಮೂರರಿಂದ ಆರು ವಾರಗಳ ಆಸುಪಾಸಿನಲ್ಲಿ, ಹೆಚ್ಚಾಗಿ ಗಂಡುಮಕ್ಕಳಲ್ಲಿ, ಪ್ರತಿ ಸಲ ಕುಡಿದ ಮೇಲೆ ಹಾಲು ದೂರಕ್ಕೆ ಚಿಮ್ಮಿ, ಕೂಡಲೇ ಮಗು ಮತ್ತೆ ಹಸಿವೆಂದು ಅಳುತ್ತಿದ್ದು ತೂಕ ಇಳಿಯುತ್ತಿದ್ದರೆ ಜಠರದ ಕೆಳಬಾಯಿ ದಪ್ಪವಾಗಿ ಮುಚ್ಚಿಕೊಂಡಿರಬಹುದು. ಮೂರು ತಿಂಗಳೊಳಗಿನ ಮಗುವಿಗೆ 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಹೆಚ್ಚಿನ ಜ್ವರ, ಉಬ್ಬಿ ಬಿಗಿಯಾದ ಹೊಟ್ಟೆ, ಹಾಲು ಕುಡಿಯದೆ ಮಂಕಾಗಿ ಬಿದ್ದಿರುವುದು, ಇವೂ ಅಂದೇ ತೋರಿಸಬೇಕಾದವು. ಮಲದ ಬಣ್ಣ ಹಳದಿ, ಹಸಿರು, ಕಂದು ಯಾವುದಿದ್ದರೂ ಚಿಂತೆಯಿಲ್ಲ. ಜನ ಹಸಿರು ಕಂಡು ಹೆದರುತ್ತಾರೆ, ಹೆದರಬೇಕಾದದ್ದು ಬಿಳಿಗೆ. ಸುಣ್ಣದಂತೆ, ಜೇಡಿಮಣ್ಣಿನಂತೆ ಬಣ್ಣಗೆಟ್ಟ ಮಲ, ಜೊತೆಗೆ ಎರಡು ವಾರ ದಾಟಿದರೂ ಹೋಗದ ಕಾಮಾಲೆ ಇದ್ದರೆ ಪಿತ್ತನಾಳ ಮುಚ್ಚಿಕೊಂಡಿರುವ ಸಾಧ್ಯತೆಯಿದೆ. ಅದಕ್ಕೆ ಮಾಡುವ, ಜಪಾನಿನ ವೈದ್ಯ ಕಸಾಯಿ ಅವರ ಹೆಸರಿನ ಶಸ್ತ್ರಚಿಕಿತ್ಸೆ ಮಗುವಿಗೆ 60 ದಿನ ತುಂಬುವುದರೊಳಗೆ ಆದರೆ ಫಲ ಉತ್ತಮ. ‘ಬಿಸಿಲಿಗೆ ಹಿಡಿದರೆ ಹೋಗುತ್ತದೆ’ ಎಂದು ಕಾಯುತ್ತ ಆ ಅವಧಿ ಕಳೆದುಕೊಂಡ ಕುಟುಂಬಗಳನ್ನು ನೋಡುವುದು ನನ್ನ ವೃತ್ತಿಯ ಅತ್ಯಂತ ಕಷ್ಟದ ಕೆಲಸ. ಆರು ತಿಂಗಳ ನಂತರ ನೆನಪಿಡಬೇಕಾದ ಇನ್ನೊಂದು ಇದೆ: ಚೆನ್ನಾಗಿದ್ದ ಮಗು ಇದ್ದಕ್ಕಿದ್ದಂತೆ ಕಿರುಚಿ ಕಾಲು ಮಡಚಿ ಬಿಳಿಚಿಕೊಳ್ಳುತ್ತದೆ, ಎರಡು ನಿಮಿಷಕ್ಕೆ ಸುಮ್ಮನಾಗುತ್ತದೆ, ಕಾಲು ಗಂಟೆಗೆ ಮತ್ತೆ ಅದೇ. ಕರುಳಿನ ಒಂದು ಭಾಗ ಪಕ್ಕದ ಭಾಗದೊಳಗೆ ಹೊಕ್ಕಿರುತ್ತದೆ. ರಕ್ತಮಿಶ್ರಿತ ಲೋಳೆ ಕಾಣುವವರೆಗೆ ಕಾಯಬೇಡಿ, ಬೇಗ ಬಂದರೆ ಎಷ್ಟೋ ಮಕ್ಕಳಲ್ಲಿ ಹೊಟ್ಟೆ ಕೊಯ್ಯದೆಯೇ ಅದನ್ನು ಬಿಡಿಸಬಹುದು.

ಈಗ ಮಗನ ಕಡೆ ಬರೋಣ. ನಿಮ್ಮ ಪತ್ರದ ನಿಜವಾದ ರೋಗಿ ಅವನು.

ಅವನಿಗೆ ಭೇದಿ ಇಲ್ಲ. ಮಲಬದ್ಧತೆ ಇದೆ, ಅದೂ ಹಳೆಯದು. ನಾಲ್ಕೈದು ದಿನಕ್ಕೊಮ್ಮೆ ಅಳುತ್ತಾ ಹೋಗುತ್ತಿದ್ದನಲ್ಲ, ಆಗಲೇ ಶುರುವಾಗಿದೆ. ಎಂದೋ ಒಂದು ದಿನ ಗಟ್ಟಿ ಮಲ ಹೋಗುವಾಗ ಗುದದ ಅಂಚು ಸೀಳಿ ಉರಿದಿರುತ್ತದೆ. ಆ ನೋವನ್ನು ಮೂರು ವರ್ಷದ ಮಗು ಮರೆಯುವುದಿಲ್ಲ. ಮುಂದಿನ ಸಲ ಒತ್ತಡ ಬಂದಾಗ ಬಿಗಿಹಿಡಿಯುತ್ತದೆ. ಪರದೆಯ ಹಿಂದೆ ಅವನು ಹೇಗೆ ನಿಲ್ಲುತ್ತಾನೆ ಎಂದು ಒಮ್ಮೆ ಗಮನಿಸಿ: ತುದಿಗಾಲ ಮೇಲೆ, ತೊಡೆಗಳನ್ನು ಒಂದಕ್ಕೊಂದು ಒತ್ತಿ, ಬೆನ್ನು ನೆಟ್ಟಗೆ ಮಾಡಿ, ಮುಖ ಕೆಂಪಾಗಿ, ಬೆವರುತ್ತ, ಮೇಜನ್ನೋ ಗೋಡೆಯನ್ನೋ ಹಿಡಿದುಕೊಂಡು. ಮನೆಯವರು ಪಾಪ, ಮುಕ್ಕುತ್ತಿದ್ದಾನೆ ಎಂದುಕೊಳ್ಳುತ್ತಾರೆ. ಅವನು ಹೊರಗೆ ಹೋಗದಂತೆ ತಡೆಯುತ್ತಿದ್ದಾನೆ. ಒತ್ತಡ ಸರಿದುಹೋದ ಕೂಡಲೇ ಏನೂ ಆಗಿಲ್ಲವೆಂಬಂತೆ ಆಟಕ್ಕೆ ಮರಳುತ್ತಾನೆ.

ಹೀಗೆ ತಡೆದ ಮಲದಿಂದ ದೊಡ್ಡ ಕರುಳು ನೀರನ್ನು ಹೀರುತ್ತಲೇ ಇರುತ್ತದೆ. ಅದು ಇನ್ನಷ್ಟು ಗಟ್ಟಿ, ಇನ್ನಷ್ಟು ದಪ್ಪ. ಗುದನಾಳ ಹಿಗ್ಗಿ ಹಿಗ್ಗಿ, ತುಂಬಿದೆ ಎಂಬ ಸೂಚನೆ ಕೊಡುವುದನ್ನೇ ನಿಲ್ಲಿಸುತ್ತದೆ. ಕೊನೆಗೆ ಮೇಲಿನಿಂದ ಬಂದ ತೆಳುವಾದ ಮಲ, ಕಲ್ಲು ಸಿಕ್ಕಿಕೊಂಡ ಕಾಲುವೆಯಲ್ಲಿ ನೀರು ಪಕ್ಕದಿಂದ ಜಿನುಗುವಂತೆ, ಆ ಗಟ್ಟಿ ಮುದ್ದೆಯ ಬದಿಯಿಂದ ಸೋರಿ ಚಡ್ಡಿಗೆ ಇಳಿಯುತ್ತದೆ. ಅವನಿಗೆ ಅದು ಗೊತ್ತೇ ಆಗುವುದಿಲ್ಲ. ಹಾಗಾಗಿ ಬೈಯುವುದು, ಹೊಡೆಯುವುದು, ತಂಗಿ ಬಂದ ಮೇಲೆ ಹಠ ಕಲಿತಿದ್ದಾನೆ ಎನ್ನುವುದು ಎಲ್ಲವೂ ಅನ್ಯಾಯ. (ತಂಗಿ ಬಂದದ್ದಕ್ಕೂ ಇದಕ್ಕೂ ನಂಟಿರಬಹುದು. ಮನೆಯಲ್ಲಿ ದೊಡ್ಡ ಬದಲಾವಣೆಯಾದಾಗ, ಶಾಲೆಗೆ ಸೇರಿದಾಗ ಮಕ್ಕಳು ತಡೆಹಿಡಿಯಲು ಶುರುಮಾಡುವುದುಂಟು. ಆದರೆ ಅದು ಹಠವಲ್ಲ.) ಊಟ ಬೇಡ ಎನ್ನುವುದೂ ಇದರದ್ದೇ ಭಾಗ, ಕೆಳಗೆ ತುಂಬಿದ ಹೊಟ್ಟೆಗೆ ಮೇಲೆ ಹಸಿವಾಗುವುದಿಲ್ಲ.

ಭೇದಿ ನಿಲ್ಲಿಸುವ ಮಾತ್ರೆ ಕರುಳಿನ ಚಲನೆಯನ್ನೇ ನಿಧಾನಗೊಳಿಸುತ್ತದೆ. ಅದನ್ನು ಇವನಿಗೆ ಕೊಟ್ಟರೆ ಏನಾಗುತ್ತದೆ ಎಂದು ಈಗ ನಿಮಗೇ ತಿಳಿದಿರುತ್ತದೆ. ನಿಜವಾದ ಭೇದಿ ಇದ್ದರೂ ಚಿಕ್ಕ ಮಕ್ಕಳಿಗೆ ಆ ಮಾತ್ರೆಯನ್ನು ಕೊಡುವುದಿಲ್ಲ, ಕರುಳು ಸ್ತಬ್ಧವಾಗಿ ಹೊಟ್ಟೆ ಉಬ್ಬುವ ಅಪಾಯವಿದೆ.

ಮಾಡಬೇಕಾದದ್ದು ಇದು. ಈ ವಾರವೇ ಮಕ್ಕಳ ತಜ್ಞರಿಗೆ ತೋರಿಸಿ. ‘ಭೇದಿ’ ಎಂದಷ್ಟೇ ಹೇಳಿ ಚೀಟಿ ಬರೆಸಿಕೊಳ್ಳದೆ, ನನಗೆ ಬರೆದದ್ದನ್ನೆಲ್ಲ ಅವರಿಗೂ ಹೇಳಿ. ಅವರು ಹೊಟ್ಟೆ ಮುಟ್ಟಿ ನೋಡಿದರೆ ಎಡಗಡೆ ಕೆಳಭಾಗದಲ್ಲಿ ಗಟ್ಟಿ ಉಂಡೆಗಳು ಕೈಗೆ ಸಿಗಬಹುದು. ಮೊದಲ ಹಂತ ಒಳಗೆ ಕಟ್ಟಿಕೊಂಡದ್ದನ್ನು ಖಾಲಿ ಮಾಡುವುದು. ಪಾಲಿಎಥಿಲೀನ್ ಗ್ಲೈಕಾಲ್ ಎಂಬ ಪುಡಿಯನ್ನು ನೀರಿಗೆ ಹಾಕಿ ಕುಡಿಸುತ್ತಾರೆ. ಮೂರರಿಂದ ಆರು ದಿನ ದೊಡ್ಡ ಪ್ರಮಾಣ, ದಿನಕ್ಕೆ ತೂಕದ ಪ್ರತಿ ಕಿಲೋಗೆ 1ರಿಂದ 1.5 ಗ್ರಾಂ. ಅಷ್ಟು ದಿನ ಮನೆಯಲ್ಲೇ ಇರಿ, ಚಡ್ಡಿಗಳು ಜಾಸ್ತಿ ಬೇಕಾಗುತ್ತವೆ. ಆಮೇಲೆ ಅದರ ಅರ್ಧಕ್ಕಿಂತ ಕಡಿಮೆ ಪ್ರಮಾಣ, ದಿನಕ್ಕೊಮ್ಮೆ ಮೆತ್ತಗೆ ಹೋಗುವಷ್ಟು. ನಿಮ್ಮ ಮಗನಿಗೆ ಎಷ್ಟು ಎಂಬುದನ್ನು ಪರೀಕ್ಷಿಸಿದ ವೈದ್ಯರೇ ನಿರ್ಧರಿಸಬೇಕು. ಕೆಲವರು ಲ್ಯಾಕ್ಟುಲೋಸ್ ಸಿರಪ್ ಕೊಡುತ್ತಾರೆ, ಅದೂ ಆದೀತು. ಎಲ್ಲರೂ ಸೋಲುವುದು ಎರಡನೆಯ ಹಂತದಲ್ಲಿ. ಹತ್ತು ದಿನ ಸರಿಹೋಯಿತು ಎಂದು ಔಷಧಿ ನಿಲ್ಲಿಸುತ್ತಾರೆ, ಮುಂದಿನ ತಿಂಗಳು ಎಲ್ಲವೂ ಮೊದಲಿನಂತೆ. ಹಿಗ್ಗಿದ ಗುದನಾಳ ಮೊದಲಿನ ಅಳತೆಗೆ ಬರಲು, ನೋವಿನ ನೆನಪು ಅಳಿಯಲು ತಿಂಗಳುಗಳು ಬೇಕು. ಕನಿಷ್ಠ ಎರಡು ತಿಂಗಳು, ಇಂಥ ಹಳೆಯ ತೊಂದರೆಗೆ ಆರು ತಿಂಗಳೂ ಆಗಬಹುದು, ನಿಲ್ಲಿಸುವಾಗಲೂ ನಿಧಾನವಾಗಿ ಇಳಿಸಬೇಕು. ‘ಅಭ್ಯಾಸವಾಗಿಬಿಡುತ್ತದೆ’ ಎಂದು ಮನೆಯಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. ಈ ಪುಡಿ ಹೆಚ್ಚುಕಡಿಮೆ ರಕ್ತಕ್ಕೆ ಸೇರುವುದೇ ಇಲ್ಲ, ನೀರನ್ನು ಹಿಡಿದುಕೊಂಡು ಮಲವನ್ನು ಮೆತ್ತಗೆ ಇಡುವುದಷ್ಟೇ ಅದರ ಕೆಲಸ. ವಾರಕ್ಕೊಮ್ಮೆ ಹರಳೆಣ್ಣೆ ಕುಡಿಸಲು ಹಿಂಜರಿಯದ ಮನೆ ಇದಕ್ಕೆ ಹೆದರುವುದು ನನಗೆ ಪ್ರತಿ ಸಲ ಸೋಜಿಗ ಹುಟ್ಟಿಸುತ್ತದೆ.

ಔಷಧಿಯ ಜೊತೆಗೆ ಕೂರುವ ಅಭ್ಯಾಸ. ಊಟವಾದ ಮೇಲೆ ದೊಡ್ಡ ಕರುಳು ತಾನಾಗಿ ಚಲಿಸುತ್ತದೆ. ಬೆಳಿಗ್ಗೆಯ ತಿಂಡಿ, ರಾತ್ರಿಯ ಊಟ ಆದ ಹತ್ತು ನಿಮಿಷದೊಳಗೆ ಐದು ನಿಮಿಷ ಕೂರಿಸಿ. ಹೋದರೂ ಸರಿ, ಹೋಗದಿದ್ದರೂ ಸರಿ, ಕೂತಿದ್ದಕ್ಕೇ ಮೆಚ್ಚುಗೆ. ಎಲ್ಲಿ ಕೂರಿಸುತ್ತೀರಿ ಎಂಬುದು ಮುಖ್ಯ. ಎತ್ತರದ ಕಮೋಡಿನಲ್ಲಿ ಕಾಲು ನೇತಾಡಿದರೆ ಮುಕ್ಕಲು ಆಗುವುದಿಲ್ಲ, ಕಾಲಡಿಗೆ ಮಣೆ ಇಟ್ಟು ಮಂಡಿ ಸೊಂಟಕ್ಕಿಂತ ಮೇಲೆ ಬರುವಂತೆ ಮಾಡಿ. ಮನೆಯಲ್ಲಿರುವುದು ನೆಲದ ಕಕ್ಕಸು ಎಂದಾದರೆ ಆ ಅಗಲದ ಗುಂಡಿಯೊಳಗೆ ಬಿದ್ದುಬಿಡುತ್ತೇನೆ ಎಂಬ ಭಯ ಈ ವಯಸ್ಸಿಗೆ ಸಹಜ. ಇಲ್ಲಿ ಅತ್ತೆಯವರ ವಿದ್ಯೆ ಉಪಯೋಗಕ್ಕೆ ಬರುತ್ತದೆ. ಹಿಂದೆ ಅಜ್ಜಿಯರು ಕಾಲು ಚಾಚಿ ಕೂತು, ತಮ್ಮ ಎರಡು ಪಾದಗಳ ಮೇಲೆ ಮಗುವನ್ನು ಕುಕ್ಕರಗಾಲಿನಲ್ಲಿ ಕೂರಿಸಿ, ಕೈ ಹಿಡಿದುಕೊಂಡು ಕಥೆ ಹೇಳುತ್ತಿದ್ದರು. ಮಲವಿಸರ್ಜನೆಗೆ ಅದಕ್ಕಿಂತ ಒಳ್ಳೆಯ ಭಂಗಿಯನ್ನು ಯಾವ ವೈದ್ಯರೂ ಕಂಡುಹಿಡಿದಿಲ್ಲ. ಮೂರೂವರೆ ವರ್ಷದವನು ಪಾದದ ಮೇಲೆ ಕೂರಲು ದೊಡ್ಡವನಾದರೆ ಪುಟ್ಟ ಪಾಟಿ ಕುರ್ಚಿ ತನ್ನಿ, ಕಥೆಯನ್ನು ಮಾತ್ರ ಬಿಡಬೇಡಿ.

ಬಾಟಲಿಯ ಹಾಲು ಈ ಕಥೆಯ ದೊಡ್ಡ ಪಾತ್ರಧಾರಿ. ನಾಲ್ಕು ಬಾಟಲಿ ಎಂದರೆ ಸುಲಭವಾಗಿ 800 ಮಿಲಿಲೀಟರ್‌ಗೂ ಹೆಚ್ಚು. ಅದರಿಂದ ಹೊಟ್ಟೆ ತುಂಬುತ್ತದೆ, ನಾರಿನ ಅಂಶ ಸೊನ್ನೆ, ಕಬ್ಬಿಣದ ಅಂಶ ಹೆಸರಿಗಷ್ಟೇ. ಈ ವಯಸ್ಸಿಗೆ ದಿನಕ್ಕೆ 400ರಿಂದ 500 ಮಿಲಿಲೀಟರ್ ಸಾಕು, ಅದೂ ಲೋಟದಲ್ಲಿ, ಊಟದ ನಂತರ. ಬಾಟಲಿಯನ್ನು ಬಿಡಿಸಿ. ಮೂರು ದಿನ ರಂಪವಾಗುತ್ತದೆ, ನಾಲ್ಕನೆಯ ದಿನಕ್ಕೆ ಹಸಿವು ಬರುತ್ತದೆ. ವೈದ್ಯರ ಬಳಿ ಹೋದಾಗ ಹಿಮೋಗ್ಲೋಬಿನ್ ಪರೀಕ್ಷೆಯನ್ನೂ ಕೇಳಿ, ಹಾಲಿನ ಮೇಲೆಯೇ ಬೆಳೆದ ಮಕ್ಕಳಲ್ಲಿ ರಕ್ತಹೀನತೆ ಬಹಳ. ನಿಲ್ಲಿಸಿದ ಹಣ್ಣನ್ನು ಇಂದೇ ಶುರುಮಾಡಿ: ಪಪ್ಪಾಯ, ಸೀಬೆ, ಚೆನ್ನಾಗಿ ಮಾಗಿದ ಬಾಳೆ, ರಾತ್ರಿ ನೆನೆಹಾಕಿದ ಒಣದ್ರಾಕ್ಷಿ. ಸೊಪ್ಪಿನ ಸಾರು, ಹೆಸರುಕಾಳಿನ ಉಸಲಿ, ರಾಗಿ ಮುದ್ದೆ ನಿಮ್ಮ ಊರಿನಲ್ಲಿ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಒಂದು ಸೂಕ್ಷ್ಮ ಇದೆ. ಬಟ್ಟೆಯಲ್ಲಿ ಸೋಸಿದ ರಾಗಿ ಸರಿಯಲ್ಲಿ ನಾರು ಬಟ್ಟೆಯ ಮೇಲೆಯೇ ಉಳಿದಿರುತ್ತದೆ. ಆರೇಳು ತಿಂಗಳ ಕೂಸಿಗೆ ಅದು ಸರಿ, ಇವನಿಗೆ ಸೋಸದ ಹಿಟ್ಟು ಬೇಕು. ಬಿಸ್ಕತ್ತು, ರಸ್ಕ್, ಬನ್ನು ಮನೆಯೊಳಗೆ ಬಾರದಿದ್ದರೆ ಕೇಳುವುದೂ ತಪ್ಪುತ್ತದೆ. ಹುಟ್ಟಿದಾಗಿನಿಂದಲೇ ಮಲಬದ್ಧತೆ ಇದ್ದರೆ, ಹುಟ್ಟಿದ ಎರಡು ದಿನದೊಳಗೆ ಮೊದಲ ಕಪ್ಪು ಮಲ ಹೋಗಿರದಿದ್ದರೆ, ಹೊಟ್ಟೆ ಸದಾ ಉಬ್ಬಿಕೊಂಡು ಬೆಳವಣಿಗೆ ಕುಂಠಿತವಾಗಿದ್ದರೆ ಅದನ್ನು ವೈದ್ಯರಿಗೆ ತಪ್ಪದೆ ಹೇಳಿ, ಆಗ ಬೇರೆ ಪರೀಕ್ಷೆಗಳು ಬೇಕಾಗುತ್ತವೆ.

ಆ ಹಣ್ಣಿನ ರುಚಿಯ ಪಾನೀಯ ಅವನಿಗೆ ಬೇಡವೇ ಬೇಡ. ಆದರೆ ನಿಜವಾದ ಭೇದಿ ಒಂದಲ್ಲ ಒಂದು ದಿನ ನಿಮ್ಮ ಮನೆಗೂ ಬರುತ್ತದೆ, ಆದ್ದರಿಂದ ಓಆರ್‌ಎಸ್ ವಿಷಯ ಹೇಳಿಬಿಡುತ್ತೇನೆ. ಭೇದಿಯಾದಾಗ ಕರುಳಿನ ಒಳಪದರ ಎಷ್ಟೇ ಕೆಟ್ಟಿದ್ದರೂ, ಗ್ಲೂಕೋಸ್ ಮತ್ತು ಉಪ್ಪು ಸರಿಯಾದ ಪ್ರಮಾಣದಲ್ಲಿ ಜೊತೆಯಾಗಿ ಬಂದರೆ ಅವೆರಡನ್ನೂ ಒಳಗೆ ಎಳೆದುಕೊಳ್ಳುವ ಒಂದು ದಾರಿ ತೆರೆದೇ ಇರುತ್ತದೆ. ಅವುಗಳ ಬೆನ್ನಿಗೆ ನೀರೂ ಒಳಗೆ ಹೋಗುತ್ತದೆ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ, ನರಕ್ಕೆ ಹಾಕುವ ದ್ರವ ಮುಗಿದಾಗ ಡಾ. ದಿಲೀಪ್ ಮಹಾಲನಬಿಸ್ ಉಪ್ಪು ಮತ್ತು ಗ್ಲೂಕೋಸಿನ ನೀರನ್ನೇ ಡ್ರಮ್ಮುಗಳಲ್ಲಿ ತುಂಬಿಸಿ, ಮನೆಯವರ ಕೈಯಿಂದಲೇ ರೋಗಿಗಳಿಗೆ ಕುಡಿಸಿ ಸಾವಿನ ಪ್ರಮಾಣವನ್ನು ಗಣನೀಯವಾಗಿ ಇಳಿಸಿದರು. ವಿಶ್ವ ಆರೋಗ್ಯ ಸಂಸ್ಥೆಯ ಈಗಿನ ಸೂತ್ರದಂತೆ ಒಂದು ಲೀಟರಿಗೆ ಗ್ಲೂಕೋಸ್ 13.5 ಗ್ರಾಂ ಮಾತ್ರ. ಪೊಟ್ಟಣದ ಸಿಹಿ ಪಾನೀಯಗಳಲ್ಲಿ ಸಕ್ಕರೆ ಇದರ ಎಷ್ಟೋ ಪಟ್ಟು, ಉಪ್ಪು ಕಡಿಮೆ. ಆ ಹೆಚ್ಚುವರಿ ಸಕ್ಕರೆ ಕರುಳಿನೊಳಕ್ಕೆ ನೀರನ್ನು ಸೆಳೆದು ಭೇದಿಯನ್ನು ಹೆಚ್ಚಿಸುತ್ತದೆ. ಇಂಥ ಪಾನೀಯಗಳ ಮೇಲೆ ಓಆರ್‌ಎಸ್ ಎಂಬ ಅಕ್ಷರಗಳೇ ಇರಕೂಡದು ಎಂದು ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರಿನಲ್ಲಿ ಆದೇಶಿಸಿತು. ಆದರೂ ಅಂಗಡಿಯವರ ಬಾಯಲ್ಲಿ ಆ ಹೆಸರು ಇನ್ನೂ ಉಳಿದಿದೆ.

ಔಷಧಿ ಅಂಗಡಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಎಂದು ಬರೆದಿರುವ ಪುಡಿಯ ಪೊಟ್ಟಣ ಕೇಳಿ. ಆರೋಗ್ಯ ಕೇಂದ್ರದಲ್ಲಿ, ಆಶಾ ಕಾರ್ಯಕರ್ತೆಯರ ಬಳಿ ಉಚಿತವಾಗಿ ಸಿಗುತ್ತದೆ. ದೊಡ್ಡ ಪೊಟ್ಟಣವಾದರೆ ಇಡೀ ಪುಡಿಯನ್ನು ಒಂದೇ ಸಲ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಹಾಕಬೇಕು. ಲೋಟಕ್ಕೆ ಒಂದು ಚಿಟಿಕೆ ಎಂಬ ಅಂದಾಜು ಬೇಡ. 24 ಗಂಟೆ ದಾಟಿದರೆ ಚೆಲ್ಲಿ. ಎರಡು ವರ್ಷದೊಳಗಿನವರಿಗೆ ಪ್ರತಿ ಭೇದಿಗೆ 50ರಿಂದ 100 ಮಿಲಿಲೀಟರ್, ಮೇಲಿನವರಿಗೆ 100ರಿಂದ 200. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು, ಒಳಲೆಯಲ್ಲೋ ಚಮಚದಲ್ಲೋ ಗುಟುಕು ಗುಟುಕಾಗಿ ಮತ್ತೆ ಶುರುಮಾಡಿ. ಎದೆಹಾಲು, ಗಂಜಿ, ಮೊಸರನ್ನ, ಬೇಳೆಯ ಕಟ್ಟು ಯಾವುದನ್ನೂ ನಿಲ್ಲಿಸಬಾರದು. ಜೊತೆಗೆ 14 ದಿನ ಸತು (ಜಿಂಕ್), ಆರು ತಿಂಗಳ ಮೇಲಿನವರಿಗೆ ದಿನಕ್ಕೆ 20 ಮಿಲಿಗ್ರಾಂ, ಎರಡರಿಂದ ಆರು ತಿಂಗಳವರಿಗೆ 10. ಆ್ಯಂಟಿಬಯೋಟಿಕ್ ಬಹುತೇಕ ಭೇದಿಗಳಿಗೆ ಬೇಕಾಗಿಲ್ಲ. ಕಣ್ಣು ಗುಳಿಬಿದ್ದು, ಅತ್ತರೂ ಕಣ್ಣೀರಿಲ್ಲದೆ, ಆರೆಂಟು ಗಂಟೆ ಮೂತ್ರ ಮಾಡದೆ, ಕೂಸಾದರೆ ನೆತ್ತಿ ಒಳಕ್ಕೆ ಇಳಿದಿದ್ದರೆ, ಮಲದಲ್ಲಿ ರಕ್ತವಿದ್ದರೆ, ಏನು ಕೊಟ್ಟರೂ ವಾಂತಿಯಾಗುತ್ತಿದ್ದರೆ ಆಸ್ಪತ್ರೆ. ‘ಹಲ್ಲು ಬರುತ್ತಿದೆ, ಅದಕ್ಕೇ ಭೇದಿ’ ಎಂಬ ಮಾತನ್ನು ನಿಮ್ಮ ಮಗಳಿಗೆ ಆರು ತಿಂಗಳಾದಾಗ ಕೇಳುತ್ತೀರಿ. ಹಲ್ಲು ಭೇದಿ ತರುವುದಿಲ್ಲ. ಆ ವಯಸ್ಸಿನಲ್ಲಿ ನೆಲದ ಮೇಲೆ ಸಿಕ್ಕಿದ್ದೆಲ್ಲ ಬಾಯಿಗೆ ಹೋಗುತ್ತದೆ, ಭೇದಿ ತರುವುದು ಅದು. ರೋಟಾವೈರಸ್ ಹನಿ 6, 10 ಮತ್ತು 14ನೆಯ ವಾರದ್ದು, ಸರ್ಕಾರಿ ಲಸಿಕೆಯಲ್ಲಿ ಉಚಿತ. 14ನೆಯ ವಾರದ್ದನ್ನು ತಪ್ಪಿಸಬೇಡಿ.

ಕೊನೆಗೆ ನಿಮ್ಮ ಪಥ್ಯ. ನೀವು ತಿಂದ ಸೊಪ್ಪಿನ ನಾರು, ಬೇಳೆಯ ವಾಯು ನಿಮ್ಮ ಕರುಳಿನಲ್ಲೇ ಉಳಿಯುತ್ತವೆ, ಹಾಲಿಗೆ ಇಳಿಯುವುದಿಲ್ಲ. ಬಾಳೆಹಣ್ಣಿನಿಂದ ಮಗುವಿಗೆ ಶೀತವೂ ಆಗುವುದಿಲ್ಲ. ಬರಿಯ ಮೆಣಸಿನ ಸಾರು, ಬೆಳ್ಳುಳ್ಳಿ, ಅನ್ನ ತಿಂದುಕೊಂಡು ಇಬ್ಬರು ಮಕ್ಕಳನ್ನು ನೋಡಿಕೊಳ್ಳುವುದು ಸಾಧ್ಯವಿಲ್ಲ. ಮೊದಲ ಆರು ತಿಂಗಳು ಹಾಲೂಡಿಸುವ ತಾಯಿಗೆ ದಿನಕ್ಕೆ ಸುಮಾರು 600 ಕ್ಯಾಲರಿ ಹೆಚ್ಚು ಬೇಕು. ಇದಕ್ಕೆ ಒಂದೇ ಒಂದು ಅಪವಾದ: ಮಗುವಿನ ಮಲದಲ್ಲಿ ಮತ್ತೆ ಮತ್ತೆ ರಕ್ತದ ಎಳೆ, ಲೋಳೆ ಕಾಣಿಸಿ, ವೈದ್ಯರು ಹಸುವಿನ ಹಾಲಿನ ಅಲರ್ಜಿ ಎಂದು ಸಂಶಯಪಟ್ಟರೆ ನೀವು ಎರಡರಿಂದ ನಾಲ್ಕು ವಾರ ಹಾಲು, ಮೊಸರು, ತುಪ್ಪ ಬಿಟ್ಟು ನೋಡಬೇಕಾಗುತ್ತದೆ. ನೀವು ಬರೆದದ್ದರಲ್ಲಿ ಅಂಥ ಸೂಚನೆ ಇಲ್ಲ. ಮಗನಿಗೆಂದು ಮಾಡುವ ಸೊಪ್ಪಿನ ಸಾರನ್ನೇ ನೀವೂ ಎರಡು ಸೌಟು ಹೆಚ್ಚಾಗಿ ಬಡಿಸಿಕೊಳ್ಳಿ.